ಎಲ್ಲಿಯವರೆಗೆ ಹೋದಿರಿ?

ಕೋವಿಡ್ ಕಾಲದ ನೋವು ಇಡೀ ದೇಶದ್ದು. ಆದರೆ ಕೇರಳದ ಗಡಿ ಜಿಲ್ಲೆಯಾದ ಕಾಸರಗೋಡಿನವರು ಅದನ್ನು ನೆನೆಯುವಾಗ ಕಾಯಿಲೆಗಿಂತ ಮೊದಲು ಒಂದು ರಸ್ತೆ ಕಣ್ಣ ಮುಂದೆ ಬರುತ್ತದೆ. ಎದೆನೋವು, ಡಯಾಲಿಸಿಸ್, ಕಷ್ಟದ ಹೆರಿಗೆ, ಅಪಘಾತ, ಏನಾದರೂ ಮಂಗಳೂರಿಗೆ ಓಡುವುದು ಇಲ್ಲಿಯ ಹಲವು ತಲೆಮಾರುಗಳ ರೂಢಿ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ಗಡಿಯ ತಲಪಾಡಿಯಲ್ಲಿ ಹೆದ್ದಾರಿಯನ್ನು ಮುಚ್ಚಿತು, ಒಳದಾರಿಗಳಿಗೆ ಲಾರಿಗಟ್ಟಲೆ ಮಣ್ಣು ಬಿತ್ತು. ತಡೆ ತೆಗೆಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಪ್ಪಂದವಾಗಿದೆ ಎಂದು ದಾಖಲಾದದ್ದು ಏಪ್ರಿಲ್ 7ರಂದು. ಅಷ್ಟರೊಳಗೆ ಹಲವರು ಆಂಬುಲೆನ್ಸಿನಲ್ಲಿ, ಮನೆಯ ಚಾವಡಿಯಲ್ಲಿ ತೀರಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರಿಗೆ ಕೊರೋನಾ ಇರಲೇ ಇಲ್ಲ. ಹಾಗಾಗಿ ದೇಶದ ಅಧಿಕೃತ ಲೆಕ್ಕದ ಐದು ಲಕ್ಷಕ್ಕೂ ಮಿಕ್ಕಿದ ಸಾವುಗಳಲ್ಲಿ ಅವರು ಸೇರುವುದಿಲ್ಲ. ಲೆಕ್ಕದಲ್ಲಿಯೇ ಇಲ್ಲದವರಿಗಾಗಿ ಎಲ್ಲಿ ಕುಳಿತು ಅಳುವುದು?

ನಾನು ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. 2021ರ ನವೆಂಬರ್ 1ರಂದು ಶಾಲೆಗಳು ಮತ್ತೆ ತೆರೆದಾಗ ಮಕ್ಕಳಿಗೆ ಇಷ್ಟ ಬಂದದ್ದನ್ನು ಬರೆಯಲು ಹೇಳಿದೆ. ಗುಡ್ಡ, ತೆಂಗು, ದೋಣಿಗಳ ನಡುವೆ ಆಂಬುಲೆನ್ಸ್ ಮತ್ತೆ ಮತ್ತೆ ಬಂತು. ಒಬ್ಬ ಹುಡುಗ ರಸ್ತೆಯ ಮೇಲೆ ಕಂದು ಬಣ್ಣದ ಗುಡ್ಡ ಬರೆದು, ಆಚೆ ಬದಿಯನ್ನು ಖಾಲಿ ಬಿಟ್ಟಿದ್ದ. ಅವನ ಅಮ್ಮನನ್ನು ಮಾತನಾಡಿಸಿದಾಗ ಆ ಗುಡ್ಡ ಅವನ ಅಜ್ಜನ ಸಾವಿನದು ಎಂದು ತಿಳಿಯಿತು. ದೊಡ್ಡವರಿಗೂ ಇಂಥದೊಂದು ಹಾಳೆ ಬೇಕು ಎಂದು ಆಗಲೇ ನಿಶ್ಚಯಿಸಿದೆ.

ಊರಿನ ಗ್ರಂಥಾಲಯದವರು ಭಾನುವಾರ ಮಧ್ಯಾಹ್ನಗಳಲ್ಲಿ ವಾಚನಾಲಯವನ್ನು ಬಿಟ್ಟುಕೊಟ್ಟರು. ಕಾಗದ ಬೇಡವೆಂದು ಕೋರಾ ಬಟ್ಟೆಯ ಒಂದು ಇಡೀ ತಾನನ್ನು ತಂದೆವು. ಅದರ ಗಂಜಿ ಹೋಗುವಂತೆ ಬಿಸಿನೀರಿನಲ್ಲಿ ನೆನೆಸಿ ಒಗೆಯಬೇಕು, ಇಲ್ಲದಿದ್ದರೆ ಮಣ್ಣಿನ ಬಣ್ಣ ಹಿಡಿಯುವುದಿಲ್ಲ. ಮುರಕಲ್ಲಿನ ಪುಡಿಯನ್ನು ಜಾಲಿಸಿ ಕೆಂಪು, ಸೇಡಿ ಮಣ್ಣಿನಿಂದ ಬಿಳಿ, ಸುಟ್ಟ ತೆಂಗಿನ ಗೆರಟೆಯನ್ನು ಅರೆದು ಕಪ್ಪು ಮಾಡಿಕೊಂಡೆವು. ಗೇರುಮರದ ಅಂಟನ್ನು ರಾತ್ರಿ ನೆನೆಹಾಕಿ ಸೋಸಿ ಬೆರೆಸಿದರೆ ಬಣ್ಣ ಬಟ್ಟೆಯ ಮೇಲೆ ಕೂರುತ್ತದೆ. ಅರಸಿನವನ್ನು ಬಿಟ್ಟೆವು, ಬಿಸಿಲಿಗೆ ಬೇಗ ಮಾಸುತ್ತದೆ. ಅಂಗಡಿಯ ಬಣ್ಣ ಸುಲಭವಾಗಿ ಸಿಗುತ್ತಿತ್ತು, ನಿಜ. ಆದರೆ ಅರೆಯುವ, ಸೋಸುವ ಕೆಲಸ ಬಹಳ ಮುಖ್ಯವೆಂದು ನನ್ನ ಅನುಭವ. ಕೈಗೆ ಕೆಲಸವಿದ್ದಾಗ ಎದುರಿನವರ ಮುಖ ನೋಡಬೇಕಾಗಿಲ್ಲ, ಮಾತು ತಾನಾಗಿ ಹೊರಬರುತ್ತದೆ.

ಬಟ್ಟೆಯ ಉದ್ದಕ್ಕೂ ನಾನು ಬರೆದದ್ದು ರಸ್ತೆಯೊಂದನ್ನೇ. ಕಾಸರಗೋಡು, ಮೊಗ್ರಾಲ್, ಕುಂಬಳೆ, ಶಿರಿಯ, ಬಂದ್ಯೋಡು, ಉಪ್ಪಳ, ಹೊಸಂಗಡಿ, ಮಂಜೇಶ್ವರ, ಕುಂಜತ್ತೂರು, ತಲಪಾಡಿ. ಅಲ್ಲಿಂದ ಮುಂದೆ ಕೋಟೆಕಾರು, ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್. ಬಂದವರಿಗೆ ಒಂದೇ ಪ್ರಶ್ನೆ: "ನೀವು ಎಲ್ಲಿಯವರೆಗೆ ಹೋದಿರಿ?"

ಈ ಪ್ರಶ್ನೆಯೇ ನಮ್ಮ ಕೆಲಸದ ತಿರುಳು. "ನಿಮಗೆ ಹೇಗನಿಸಿತು?" ಎಂದು ಕೇಳಿದರೆ ನಮ್ಮವರು, "ಎಂಥ ಹೇಳುವುದು ಟೀಚರೇ, ಆದದ್ದು ಆಯಿತು" ಎಂದು ಮಾತು ಮುಗಿಸುತ್ತಾರೆ. ಎಲ್ಲಿಯವರೆಗೆ ಹೋದಿರಿ ಎಂದರೆ ಬೆರಳು ರಸ್ತೆಯ ಮೇಲೆ ಓಡುತ್ತದೆ. "ಇಲ್ಲಿ ಪೆಟ್ರೋಲು ಹಾಕಿಸಿದೆವು. ಇಲ್ಲಿ ಪೊಲೀಸರು ನಿಲ್ಲಿಸಿದರು. ಇಲ್ಲಿ ಅವರು ನೀರು ಕೇಳಿದರು." ನೀರು ಕೇಳಿದ ಜಾಗದಲ್ಲಿ ಬೆರಳು ನಿಂತುಬಿಡುತ್ತದೆ. ಅಲ್ಲಿ ಏನು ಬರೆಯಬೇಕೆಂದು ನಾನು ಹೇಳಿಕೊಡುವುದಿಲ್ಲ. ನೀರಿನ ಮಾತು ಹೇಳಿದ ಹೆಂಗಸು ಬರೆದದ್ದು ಒಂದು ಸ್ಟೀಲ್ ಲೋಟ, ಕೆಳಗೆ ತುಳುವಿನಲ್ಲಿ ಒಂದು ಸಾಲು. ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ, ಯಾರಿಗೆ ಯಾವುದರಲ್ಲಿ ಬರುತ್ತದೋ ಅದರಲ್ಲೇ ಬರೆದರು. ಬರೆಯಲು ಬಾರದವರು ಹೇಳಿದ್ದನ್ನು ಒಂದಕ್ಷರವೂ ತಿದ್ದದೆ ಬರೆದುಕೊಟ್ಟೆವು.

ಗಲ್ಫಿನಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬಾಕೆ ಬಂದು ಬಹಳ ಹೊತ್ತು ಬಟ್ಟೆಯನ್ನೇ ನೋಡಿದರು. ಮಾರ್ಚ್ ಕೊನೆಯಲ್ಲೇ ಅಂತರರಾಷ್ಟ್ರೀಯ ವಿಮಾನಗಳು ನಿಂತಿದ್ದವು. ಮಣ್ಣು ಮಾಡುವುದನ್ನು ಅವರು ನೋಡಿದ್ದು ಮೊಬೈಲಿನಲ್ಲಿ. "ನನ್ನ ದಾರಿ ಇದರಲ್ಲಿ ಇಲ್ಲ ಟೀಚರೇ, ಅದು ಬಜ್ಪೆಗೆ ಹೋಗುವುದು" ಎಂದರು. ಅಂದೇ ಬಟ್ಟೆಯ ಉತ್ತರದ ತುದಿಗೆ ಹೊಸ ತುಂಡು ಹೊಲಿದೆವು. ಅವರು ವಿಮಾನ ನಿಲ್ದಾಣವನ್ನೂ ಬರೆದರು, ಅದರಾಚೆ ಅಂಗೈಯಗಲದ ಮೊಬೈಲನ್ನೂ ಬರೆದರು. ಆ ಪರದೆಯೊಳಗೆ ಏನೂ ಇರಲಿಲ್ಲ.

ತಲಪಾಡಿಯ ಜಾಗದಲ್ಲಿ ಜಗಳವೇ ಆಯಿತು. ಅಣ್ಣನನ್ನು ಕಳೆದುಕೊಂಡ ಒಬ್ಬರು ಅಲ್ಲಿ ಬೈಗುಳ ಬರೆಯಲು ಹೊರಟರು. ಕೋಪವೂ ದುಃಖದ್ದೇ ಕೂಸು, ಅದಕ್ಕೆ ಜಾಗ ಕೊಡದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಅದೇ ಬಟ್ಟೆಯ ಆಚೆ ಬದಿಯಲ್ಲಿ ತೊಕ್ಕೊಟ್ಟಿಗೆ ಮದುವೆಯಾಗಿ ಹೋದ ಮಗಳೊಬ್ಬಳು, ಈಚೆ ಬದಿಯಲ್ಲಿ ತೀರಿಕೊಂಡ ತಾಯಿಯ ಮುಖ ನೋಡಲಾಗದೆ ನಿಂತದ್ದೂ ಇತ್ತು. ಎಲ್ಲರೂ ಕೂತು ತೀರ್ಮಾನಿಸಿದ್ದು ಹೀಗೆ: ಮಣ್ಣನ್ನು ಎಷ್ಟು ಬೇಕಾದರೂ ದಪ್ಪವಾಗಿ ಹಚ್ಚಬಹುದು, ಯಾರ ಹೆಸರನ್ನೂ ಬರೆಯುವಂತಿಲ್ಲ. ಅವರು ತಲಪಾಡಿಯಿಂದಲೇ ಮಣ್ಣು ತಂದು ಮೆತ್ತಿದರು. ಬಟ್ಟೆ ಮಡಚಿದಾಗಲೆಲ್ಲ ಅದು ಬಿರುಕು ಬಿಟ್ಟು ಉದುರುತ್ತದೆ. ಪ್ರತಿಸಲ ಅವರೇ ಬಂದು ಹೊಸದಾಗಿ ಮೆತ್ತುತ್ತಾರೆ.

ಸತ್ತವರ ನೆನಪಿಗೆ ಬಟ್ಟೆ ಹೊಲಿಯುವುದು ಜಗತ್ತಿಗೆ ಹೊಸದಲ್ಲ. 1987ರಲ್ಲಿ ವಾಷಿಂಗ್ಟನ್ನಿನಲ್ಲಿ ಏಡ್ಸ್‌ನಿಂದ ಸತ್ತವರಿಗಾಗಿ ಹಾಸಿದ ಹೊದಿಕೆಯಲ್ಲಿ ಒಂದೊಂದು ತುಂಡೂ ಮೂರು ಅಡಿ ಅಗಲ, ಆರು ಅಡಿ ಉದ್ದ, ಹೆಚ್ಚುಕಡಿಮೆ ಒಂದು ಗೋರಿಯಷ್ಟು. ಲಂಡನ್ನಿನಲ್ಲಿ ಪಾರ್ಲಿಮೆಂಟಿನ ಎದುರು ದಡದ ಗೋಡೆಯ ಮೇಲೆ 2021ರ ಮಾರ್ಚ್‌ನಿಂದ ಕೋವಿಡ್‌ನಲ್ಲಿ ಸತ್ತ ಒಬ್ಬೊಬ್ಬರಿಗೆ ಒಂದೊಂದು ಕೆಂಪು ಹೃದಯ ಬರೆದರು. ಮನೆಯವರೇ ತಮ್ಮ ಕೈಯಾರೆ ಮಾಡಬೇಕೆಂಬುದನ್ನು ನಾನು ಅವರಿಂದ ಕಲಿತೆ. ಹೆಸರುಗಳನ್ನು ಮಾತ್ರ ನಾವು ತೆಗೆದುಕೊಳ್ಳಲಿಲ್ಲ. ಸಣ್ಣ ಊರಿನಲ್ಲಿ ಹೆಸರು ಬರೆದರೆ ಜಾತಿ, ಮತ, ಮನೆ ಎಲ್ಲವೂ ಓದಿಸಿಕೊಳ್ಳುತ್ತವೆ. ಲೋಟ ಯಾರದೆಂದು ಬೇಕಾದವರಿಗೆ ಗೊತ್ತಿದೆ.

ಚಿತ್ರಕ್ಕೂ ಬಗ್ಗದ ಮಾತುಗಳಿಗೆ ಯಕ್ಷಗಾನದ ತಾಳಮದ್ದಳೆ ದಾರಿ ಕೊಟ್ಟಿತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದಕ್ಕೆ ಕುಳಿತಲ್ಲೇ ಪಾತ್ರವಾಗಿ ಅರ್ಥ ಹೇಳುವುದು. ಗುಂಪಿನ ಹಿರಿಯ ಅರ್ಥಧಾರಿಗಳೊಬ್ಬರು ಹರಿಶ್ಚಂದ್ರನ ಕಥೆಯನ್ನು ಆರಿಸಿದರು. ಮಗನ ಶವದೊಂದಿಗೆ ಬಂದ ಚಂದ್ರಮತಿಯ ಬಳಿ ಸುಡುಗಾಡಿನ ಕಾವಲುಗಾರನಾದ ಗಂಡನೇ ಸುಂಕ ಕೇಳುವ ಭಾಗ. ಕ್ರಮ ಪ್ರಕಾರ ಕರ್ಮ ಮಾಡಲಾಗದ ದುಃಖ ಅಂದಿನ ಸಭೆಯಲ್ಲಿದ್ದ ಎಲ್ಲರದೂ. ಅಂತ್ಯಕ್ರಿಯೆಗೆ ಇಪ್ಪತ್ತು ಜನ ಮಾತ್ರ ಎಂಬ ನಿಯಮದಲ್ಲಿ ಸ್ವಂತ ತಮ್ಮಂದಿರನ್ನೇ ಲೆಕ್ಕದಿಂದ ಹೊರಗಿಟ್ಟವರು ಅಲ್ಲಿದ್ದರು. ಚಂದ್ರಮತಿಯಾಗಿ ಕುಳಿತವರು ಆ ಪಾತ್ರದಲ್ಲಿ ಕೇಳಿದ ಪ್ರಶ್ನೆಗಳನ್ನು ಸ್ವಂತ ಬಾಯಿಂದ ಎಂದೂ ಕೇಳಿರಲಾರರು.

ಆದರೆ ನನ್ನನ್ನು ಅಲ್ಲಾಡಿಸಿದ್ದು ಹರಿಶ್ಚಂದ್ರನಾಗಿ ಕುಳಿತ ಯುವಕ. ಬಿಳಿ ರಕ್ಷಾಕವಚ ತೊಟ್ಟು ಪರಿಚಯವಿಲ್ಲದವರ ಶವಗಳನ್ನು ಸುಟ್ಟ, ಹೂಳಿದ ಸ್ವಯಂಸೇವಕರಲ್ಲಿ ಆತ ಒಬ್ಬ. ಅಲ್ಲಿಯವರೆಗೆ ಬಣ್ಣ ಅರೆದುಕೊಡುತ್ತಿದ್ದನೇ ಹೊರತು ಏನೂ ಬರೆದಿರಲಿಲ್ಲ. "ಅಳುವುದಕ್ಕೆ ನಿನಗಾದರೂ ಅಪ್ಪಣೆಯಿದೆ, ಹೆಣ್ಣೇ. ಕಾವಲಿಗೆ ನಿಂತ ನಾನು ಕಣ್ಣೊರೆಸಿಕೊಂಡರೆ ಬೆಂಕಿಯನ್ನು ನೋಡಿಕೊಳ್ಳುವವರು ಯಾರು?" ಎಂದ. ಭಾಗವತರು ಮುಂದಿನ ಪದವನ್ನು ತಡೆದು ಹಿಡಿದರು. ಮರುವಾರ ಆತ ಸೇಡಿಯಿಂದ, ಮುಖವಿಲ್ಲದ ನಾಲ್ಕು ಬಿಳಿ ಆಕೃತಿಗಳನ್ನು ಉಪ್ಪಳದ ಹತ್ತಿರ ಬರೆದ. ದುಃಖದ ಸಭೆಗೆ ಸತ್ತವರ ಮನೆಯವರನ್ನಷ್ಟೇ ಕರೆಯುವುದು ಸಾಲದು. ಹೊತ್ತವರನ್ನು, ಗಾಡಿ ಓಡಿಸಿದವರನ್ನು, ಆಶಾ ಕಾರ್ಯಕರ್ತೆಯರನ್ನು ಮನೆಗೆ ಹೋಗಿ ಕರೆಯಬೇಕು, ಅವರಾಗಿ ಬರುವುದಿಲ್ಲ.

ಬಲವಂತ ಮಾತ್ರ ಕೂಡದು. ಆಘಾತಕ್ಕೆ ಸಿಕ್ಕವರನ್ನು ಒತ್ತಾಯಿಸಿ ಮಾತನಾಡಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ಹೇಳುತ್ತದೆ. ಸುಮ್ಮನೆ ಬಂದು ಚಹಾ ಕುಡಿದು ಹೋದವರೂ ಇದ್ದರು, ಒಳ್ಳೆಯದೇ. ತಿಂಗಳುಗಟ್ಟಲೆ ನಿದ್ದೆಯಿಲ್ಲದವರು, ಬದುಕುವುದೇ ಬೇಡ ಎನ್ನುವವರು ಕಂಡರೆ ಬಣ್ಣವನ್ನು ಪಕ್ಕಕ್ಕಿಟ್ಟು ವೈದ್ಯರ ಬಳಿಗೆ ಜೊತೆಯಾಗಿ ಹೋಗಬೇಕು. ಈಗ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ ಮಾತನಾಡಿಸುತ್ತಾರೆ.

ಬಟ್ಟೆಯನ್ನು ಏನು ಮಾಡುವುದೆಂದು ಮೊದಲೇ ಮಾತಾಗಿತ್ತು. ತನ್ನ ಭಾಗ ಬೇಕೆಂದವರು ಕತ್ತರಿಸಿಕೊಂಡು ಒಯ್ಯಬಹುದು, ಖಾಲಿ ಜಾಗಕ್ಕೆ ಹೊಸ ಬಟ್ಟೆ ಹೊಲಿಯುತ್ತೇವೆ. ಫೋಟೋ ತೆಗೆಯಬೇಕಾದರೆ ಬರೆದವರನ್ನು ಕೇಳಬೇಕು. ಒಂದು ಸಮಾರಂಭದವರು ವೇದಿಕೆಯ ಹಿಂದೆ ತೂಗುಹಾಕಲು ಕೇಳಿದರು, ಕೊಡಲಿಲ್ಲ. ಭಾಷಣಗಳ ಬೆನ್ನಿಗೆ ಕಟ್ಟುವಂಥದ್ದಲ್ಲ ಅದು. ಪುತ್ತೂರಿಗೆ ಹೋಗುವ ದಾರಿಯಲ್ಲಿ ತಮ್ಮವರು ಸಿಕ್ಕಿಬಿದ್ದಿದ್ದ ಪೆರ್ಲದ ಕಡೆಯವರು ಬಂದು ಕೇಳಿದಾಗಲೂ ನಮ್ಮ ಬಟ್ಟೆಯನ್ನು ಕೊಡಲಿಲ್ಲ. ಉಳಿದ ಕೋರಾ ಬಟ್ಟೆ, ಒಂದು ಡಬ್ಬಿ ಮುರಕಲ್ಲಿನ ಪುಡಿ, ಅಂಟು ಸೋಸುವ ವಸ್ತ್ರ ಕೊಟ್ಟು, ಪೆರ್ಲದಿಂದ ಸಾರಡ್ಕದವರೆಗಿನ ತಿರುವುಗಳನ್ನು ಅವರ ಕೈಯಿಂದಲೇ ಬರೆಸಿದೆವು.