ಕಂಪನಿ ಫೋನ್‌ಗಳಲ್ಲಿ ವೆಬ್ ಆ್ಯಪ್: ನಾನು ನಡೆಸಿಕೊಂಡು ಬಂದ ರೀತಿ

ನಮ್ಮ ಕಂಪನಿಯ ಮೊಬೈಲ್ ಸಾಧನಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗೋದಾಮಿನವರ ಹತ್ತಿರ ಆಂಡ್ರಾಯ್ಡ್ ಫೋನ್, ಸೂಪರ್‌ವೈಸರ್‌ಗಳ ಹತ್ತಿರ ಐಫೋನ್, ಜೊತೆಗೆ ಪಾಳಿ ಬದಲಾದಾಗ ಕೈ ಬದಲಾಗುವ ಟ್ಯಾಬ್ಲೆಟ್‌ಗಳು. ಎಲ್ಲದರಲ್ಲೂ ಒಂದೇ ತಪಾಸಣೆ ಫಾರ್ಮ್ ನಡೆಯಬೇಕಿತ್ತು. ಸರಕು ಬಂದ ಕೂಡಲೇ ಫೋಟೊ ತೆಗೆಯಬೇಕು, ಎಣಿಕೆ ತುಂಬಬೇಕು, ಕಳಿಸಬೇಕು. ಅಷ್ಟೇ. ಇಷ್ಟಕ್ಕೆ ಎರಡು ಬೇರೆ ಆ್ಯಪ್ ಬರೆಸಿ, ಎರಡನ್ನೂ ವರ್ಷಗಟ್ಟಲೆ ಸಾಕುವುದು ಬೇಡ ಅಂತ ವೆಬ್ ಆ್ಯಪ್, ಅಂದರೆ ಬ್ರೌಸರ್‌ನಲ್ಲೇ ನಡೆಯುವ ಆ್ಯಪ್, ಅನ್ನುವ ದಾರಿ ಹಿಡಿದೆವು. ಆ ನಿರ್ಧಾರ ಸರಿಯಾಗಿತ್ತು ಅಂತ ಈಗಲೂ ಅನಿಸುತ್ತದೆ.

ಹೊಸದಾಗಿ ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಕೇಳುವುದು, ಐಕಾನ್ ಹೋಮ್ ಸ್ಕ್ರೀನ್‌ಗೆ ತರುವುದು ಹೇಗೆ ಅಂತ. ಅದು ಇಡೀ ಕೆಲಸದಲ್ಲಿ ತೀರಾ ಸಣ್ಣ ಭಾಗ. ಐಕಾನ್ ಒತ್ತಿದಾಗ ತೆರೆದುಕೊಳ್ಳುವುದು ಬ್ರೌಸರ್. ಹಾಗಾಗಿ ನೋಡಿಕೊಳ್ಳಬೇಕಾದ್ದೂ ಬ್ರೌಸರನ್ನೇ: ಅದರ ಪಾಲಿಸಿ (ನಾವು ಅದಕ್ಕೆ ಹಾಕುವ ನಿಯಮಗಳು), ಅದರ ಕುಕೀ (ಲಾಗಿನ್ ನೆನಪಿಡುವಂಥ ಸಣ್ಣ ಗುರುತುಗಳು), ಅದರ ಸ್ಟೋರೇಜ್, ಅದು ಯಾವ ಆವೃತ್ತಿ ಹಿಡಿದುಕೊಂಡು ಕೂತಿದೆ ಅನ್ನುವುದು. ಇದು ಮನಸ್ಸಿಗೆ ಬಂದ ಮೇಲೆ ಉಳಿದದ್ದೆಲ್ಲ ಸಲೀಸಾಗುತ್ತದೆ.

ಮೊದಲು ಆಂಡ್ರಾಯ್ಡ್. ಕಂಪನಿಯ ಸಾಧನಗಳನ್ನು ದೂರದಿಂದಲೇ ನಿರ್ವಹಿಸುವ ಎಂಡಿಎಂ ಅನ್ನುವ ವ್ಯವಸ್ಥೆ ಇರುತ್ತದೆ. ಹೆಚ್ಚಿನ ಎಂಡಿಎಂ ಕನ್ಸೋಲ್‌ಗಳಲ್ಲಿ ಮ್ಯಾನೇಜ್ಡ್ ಗೂಗಲ್ ಪ್ಲೇ (ಕಂಪನಿಗಳಿಗಿರುವ ಪ್ಲೇ ಸ್ಟೋರ್) ಪುಟ ಒಳಗೇ ತೆರೆಯುತ್ತದೆ. ಅದರಲ್ಲಿ ವೆಬ್ ಆ್ಯಪ್ ಅಂತ ಬೇರೆ ವಿಭಾಗವಿದೆ. ಹೆಸರು, ವಿಳಾಸ, ತೆರೆಯುವ ರೀತಿ, ಐಕಾನ್ ಕೊಟ್ಟು ಸೇವ್ ಮಾಡಿದರೆ ಗೂಗಲ್ ಒಂದು ಪುಟ್ಟ ಆ್ಯಪ್ ತಯಾರಿಸುತ್ತದೆ. ಸುಮಾರು 10 ನಿಮಿಷ ಹಿಡಿಯುತ್ತದೆ. ಆಮೇಲೆ ಬೇರೆ ಯಾವ ಆ್ಯಪ್ ಕಳಿಸಿದ ಹಾಗೆಯೇ ಗುಂಪಿಗೆ ಹಂಚಿದರಾಯಿತು. ಈ ಪುಟ್ಟ ಆ್ಯಪ್ ಒಳಗೆ ಇರುವುದು ವಿಳಾಸ ಮತ್ತು ಐಕಾನ್ ಮಾತ್ರ, ಪುಟವನ್ನು ತೋರಿಸುವುದು ಕ್ರೋಮ್. ಸಾಧನದಲ್ಲಿ ಕ್ರೋಮ್ ಇಲ್ಲದಿದ್ದರೆ ಅಥವಾ ಯಾರಾದರೂ ಅದನ್ನು ಡಿಸೇಬಲ್ ಮಾಡಿದ್ದರೆ ಐಕಾನ್ ಸುಮ್ನೆ ಅಲಂಕಾರಕ್ಕೆ. ಅದಕ್ಕೇ ನಾನು ವೆಬ್ ಆ್ಯಪ್ ಹಂಚುವ ಪ್ರತಿ ಗುಂಪಿಗೂ ಕ್ರೋಮನ್ನು ಕಡ್ಡಾಯ ಆ್ಯಪ್ ಆಗಿ ಸೇರಿಸುತ್ತೇನೆ.

ಐಕಾನ್ 512 ಪಿಕ್ಸೆಲ್ ಚೌಕದ್ದು ಬೇಕು. ಆಂಡ್ರಾಯ್ಡ್‌ನ ಹೋಮ್ ಸ್ಕ್ರೀನ್ ಅದನ್ನು ದುಂಡಗೆ ಕತ್ತರಿಸಬಹುದು, ಆದ್ದರಿಂದ ಲೋಗೊ ನಡುವೆ ಇರಲಿ, ಸುತ್ತಲೂ ಜಾಗ ಬಿಡಿ. ಪರೀಕ್ಷೆಗೆ ಇರುವ ಆ್ಯಪ್‌ಗೆ ನಾನು ಬೇರೆ ಬಣ್ಣದ ಐಕಾನ್ ಕೊಡುತ್ತೇನೆ. ಎರಡೂ ಒಂದೇ ಥರ ಕಂಡರೆ ಯಾರೋ ಒಬ್ಬರು ನಿಜವಾದ ಎಣಿಕೆಯನ್ನು ಪರೀಕ್ಷೆಯ ಸರ್ವರ್‌ಗೆ ಕಳಿಸಿಯೇ ಕಳಿಸುತ್ತಾರೆ.

ತೆರೆಯುವ ರೀತಿಯಲ್ಲಿ ಮೂರು ಆಯ್ಕೆ. ಫುಲ್ ಸ್ಕ್ರೀನ್ ಕೊಟ್ಟರೆ ಮೇಲಿನ ಸ್ಟೇಟಸ್ ಬಾರ್ ಕೂಡ ಮರೆಯಾಗುತ್ತದೆ. ಕೆಲಸದ ನಡುವೆ ಇರುವವರಿಗೆ ಬ್ಯಾಟರಿ ಎಷ್ಟಿದೆ, ನೆಟ್‌ವರ್ಕ್ ಇದೆಯೋ ಇಲ್ಲವೋ ಅಂತ ಕಾಣಬೇಕು, ಅಲ್ವಾ? ಅದಕ್ಕೆ ತಪಾಸಣೆ ಫಾರ್ಮ್‌ಗೆ ಸ್ಟ್ಯಾಂಡ್‌ಅಲೋನ್ ಇಟ್ಟೆ. ಇದರಲ್ಲಿ ಬ್ರೌಸರ್‌ನ ವಿಳಾಸ ತೋರಿಸುವ ಪಟ್ಟಿ ಮಾತ್ರ ಇರುವುದಿಲ್ಲ. ಹಳೆಯ ವರದಿ ಪುಟವೊಂದಿತ್ತು, ಅದರಲ್ಲಿ ರಿಫ್ರೆಶ್ ಮಾಡಲು ಒಂದು ಬಟನ್ ಕೂಡ ಇರಲಿಲ್ಲ. ಅದಕ್ಕೆ ಮಿನಿಮಲ್ ಯುಐ ಸರಿಹೋಯಿತು, ಬ್ರೌಸರ್‌ನ ಬಟನ್‌ಗಳು ಸಿಗುತ್ತವೆ.

ಇನ್ನು ಲಾಗಿನ್. ಜನ ಜಾಸ್ತಿ ಒದ್ದಾಡುವುದು ಇಲ್ಲೇ.

ಫಾರ್ಮ್ ಒಂದು ಡೊಮೇನ್‌ನಲ್ಲಿ, ಲಾಗಿನ್ ಪುಟ ಇನ್ನೊಂದರಲ್ಲಿ. ಬಹುತೇಕ ಕಂಪನಿಗಳಲ್ಲಿ ಹೀಗೇ ಇರುತ್ತದೆ. ಆ್ಯಪ್ ತನ್ನ ಡೊಮೇನ್ ಬಿಟ್ಟು ಹೊರಗೆ ಹೋದ ಕೂಡಲೇ ಕ್ರೋಮ್ ಮೇಲ್ಗಡೆ ಒಂದು ಪಟ್ಟಿ ತೋರಿಸುತ್ತದೆ, ಅದರಲ್ಲಿ ಹೋದ ಜಾಗದ ವಿಳಾಸ ಇರುತ್ತದೆ. ಇದನ್ನು ನೋಡಿ 'ಆ್ಯಪ್ ಕೆಟ್ಟಿದೆ' ಅಂತ ದೂರು ಬರುತ್ತದೆ. ಕೆಟ್ಟಿಲ್ಲ. ಪಾಸ್‌ವರ್ಡ್ ಯಾರ ಪುಟದಲ್ಲಿ ಹೊಡೆಯುತ್ತಿದ್ದೇವೆ ಅಂತ ಕಾಣಲೇಬೇಕು, ಅದು ನಮ್ಮ ಒಳ್ಳೆಯದಕ್ಕೇ ಇದೆ. ಲಾಗಿನ್ ಮುಗಿದು ಫಾರ್ಮ್‌ಗೆ ವಾಪಸ್ ಬಂದಾಗ ಪಟ್ಟಿ ತಾನೇ ಹೋಗುತ್ತದೆ. ನಾವು ಗಮನ ಕೊಡಬೇಕಾದ್ದು ಬೇರೆ: ಲಾಗಿನ್ ಪಾಪ್ಅಪ್‌ನಲ್ಲಿ ತೆರೆಯಬಾರದು. ಡೆವಲಪರ್‌ಗಳ ಜೊತೆ ಕೂತು, ಅದೇ ಕಿಟಕಿಯಲ್ಲಿ ಹೋಗಿ ಅದೇ ಕಿಟಕಿಗೆ ಮರಳುವ ಹಾಗೆ ಮಾಡಿಸಿದೆ. ಮೊಬೈಲ್‌ನಲ್ಲಿ ಪಾಪ್ಅಪ್ ಲಾಗಿನ್ ನಂಬುವಂಥದ್ದಲ್ಲ.

ಲಾಗಿನ್‌ಗೆ ಅಂಟಿಕೊಂಡೇ ಇರುವ ವಿಷಯ ಕ್ರೋಮ್‌ನ ಅನುಮತಿ ಪಟ್ಟಿ. ಗೋದಾಮಿನ ಫೋನ್‌ಗಳಲ್ಲಿ ಎಲ್ಲ ವಿಳಾಸವನ್ನೂ ಮುಚ್ಚಿ, ಬೇಕಾದ್ದನ್ನು ಮಾತ್ರ ಬಿಡುವುದು ನಮ್ಮ ನಿಯಮ. ಕ್ರೋಮ್‌ಗೆ ಹಾಕಿದ ಪಾಲಿಸಿ ವೆಬ್ ಆ್ಯಪ್‌ಗೂ ಅನ್ವಯವಾಗುತ್ತದೆ, ಏಕೆಂದರೆ ಪುಟ ತೋರಿಸುವುದು ಅದೇ ಕ್ರೋಮ್. ಹಾಗಾಗಿ ಫಾರ್ಮ್‌ನ ವಿಳಾಸ ಒಂದನ್ನೇ ಬಿಟ್ಟರೆ ಲಾಗಿನ್ ಅರ್ಧದಲ್ಲಿ ನಿಲ್ಲುತ್ತದೆ. ಬೇಕಾದ ವಿಳಾಸಗಳನ್ನು ಊಹಿಸುತ್ತಾ ಕೂರಬೇಡಿ. ನಾನು ಮಾಡುವುದು ಇಷ್ಟು: ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಹೊಸ ಪ್ರೊಫೈಲ್ ತೆರೆದು, ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಲಾಗ್ ಅಳಿಯದ ಹಾಗೆ ಟಿಕ್ ಹಾಕಿ, ಮೊದಲಿನಿಂದ ಕೊನೆಯವರೆಗೆ ಲಾಗಿನ್ ಆಗುತ್ತೇನೆ. ಪುಟ ಯಾವ ಯಾವ ಡೊಮೇನ್ ಹಾದು ಬಂತು ಅಂತ ಬರೆದುಕೊಳ್ಳುತ್ತೇನೆ. ಪಾಸ್‌ವರ್ಡ್ ಮರೆತಾಗ ಹೋಗುವ ದಾರಿ, ಅವಧಿ ಮುಗಿದ ಪಾಸ್‌ವರ್ಡ್ ಬದಲಿಸುವ ಪುಟ, ಎರಡನೇ ಹಂತದ ದೃಢೀಕರಣ, ಇವನ್ನೂ ಒಂದೊಂದಾಗಿ ನಡೆಸಿ ನೋಡುತ್ತೇನೆ. ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇವೇ ಮೂರು. ಅವು ಬೇಕಾಗುವುದು ತಿಂಗಳುಗಳ ನಂತರ, ಅದೂ ಎಲ್ಲರಿಗೂ ಒಟ್ಟಿಗೆ.

ಸರ್ವರ್ ಕಂಪನಿಯ ಒಳಗಿದ್ದು, ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟ್ ಕೂಡ ಕಂಪನಿಯದೇ ಆಗಿದ್ದರೆ, ಅದನ್ನು ಫೋನ್ ನಂಬಲು ಬೇಕಾದ ರೂಟ್ ಸರ್ಟಿಫಿಕೇಟನ್ನು ಎಂಡಿಎಂ ಮೂಲಕ ಮೊದಲೇ ಕಳಿಸಿ. ಎಚ್ಚರಿಕೆ ಪುಟವನ್ನು ದಾಟಿಕೊಂಡು ಹೋದರೆ ಫಾರ್ಮ್ ಕಾಣಬಹುದು, ಆದರೆ ನೆಟ್‌ವರ್ಕ್ ಇಲ್ಲದಾಗಲೂ ಪುಟ ನಡೆಸುವ ಹಿನ್ನೆಲೆಯ ಸ್ಕ್ರಿಪ್ಟ್, ಅಂದರೆ ಸರ್ವಿಸ್ ವರ್ಕರ್, ನೋಂದಣಿ ಆಗುವುದಿಲ್ಲ. ಅಂದರೆ ಆಫ್‌ಲೈನ್ ಕೆಲಸ ನಡೆಯುವುದಿಲ್ಲ.

ಐಫೋನ್‌ನಲ್ಲಿ ಇದೇ ಕೆಲಸಕ್ಕೆ ವೆಬ್ ಕ್ಲಿಪ್ ಅನ್ನುವ ಪೇಲೋಡ್ (ಸೆಟ್ಟಿಂಗ್‌ಗಳ ಕಟ್ಟು) ಇದೆ. ಎಂಡಿಎಂ ಫೋನ್‌ಗೆ ಕಳಿಸುವ ಸೆಟ್ಟಿಂಗ್ ಫೈಲ್‌ನಲ್ಲಿ, ಅಂದರೆ ಪ್ರೊಫೈಲ್‌ನಲ್ಲಿ, ಹೆಸರು, ವಿಳಾಸ, ಐಕಾನ್ ಹಾಕಬೇಕು. ಬಳಕೆದಾರರು ತೆಗೆದುಹಾಕಬಹುದೋ ಬಾರದೋ ಅಂತ ಹೇಳಬೇಕು. ಫುಲ್ ಸ್ಕ್ರೀನ್ ಬೇಕೋ ಅಂತ ಹೇಳಬೇಕು. ಈ ಕೊನೆಯದನ್ನು ಬರೀ ಚೆಂದದ ವಿಷಯ ಅಂದುಕೊಳ್ಳಬೇಡಿ. ಫುಲ್ ಸ್ಕ್ರೀನ್ ಕೊಡದಿದ್ದರೆ ಪುಟ ಸಫಾರಿಯ ಒಂದು ಟ್ಯಾಬ್ ಆಗಿ ತೆರೆಯುತ್ತದೆ. 2020ರಿಂದ ಸಫಾರಿಗೆ ಒಂದು ನಿಯಮವಿದೆ: ಸಫಾರಿ ಬಳಸಿದ 7 ದಿನಗಳಲ್ಲಿ ಒಂದು ಸೈಟನ್ನು ಮುಟ್ಟದೇ ಇದ್ದರೆ, ಆ ಸೈಟ್ ಸ್ಕ್ರಿಪ್ಟ್ ಮೂಲಕ ಉಳಿಸಿಟ್ಟ ಡೇಟಾ ಅಳಿಸಿಹೋಗುತ್ತದೆ. ಫುಲ್ ಸ್ಕ್ರೀನ್ ಕೊಟ್ಟು ಹೋಮ್ ಸ್ಕ್ರೀನ್‌ನಿಂದ ತೆರೆಯುವ ವೆಬ್ ಆ್ಯಪ್‌ಗೆ ಸಫಾರಿಯ ಈ ಲೆಕ್ಕ ತಾಗುವುದಿಲ್ಲ. ಕಳಿಸದೇ ಉಳಿದ ಫಾರ್ಮ್‌ಗಳನ್ನು ಫೋನ್‌ನಲ್ಲಿ ಇಟ್ಟುಕೊಳ್ಳುವ ಆ್ಯಪ್‌ಗೆ ಇದು ದೊಡ್ಡ ವ್ಯತ್ಯಾಸ.

ಫುಲ್ ಸ್ಕ್ರೀನ್‌ನಲ್ಲೂ ಲಾಗಿನ್‌ಗೆ ಹೊರಗೆ ಹೋದಾಗ ಸಫಾರಿಯ ಬಟನ್‌ಗಳು ಮೇಲೆ ಬರುತ್ತವೆ. ಅದನ್ನು ತಡೆಯಲು ಐಒಎಸ್ 14ರಿಂದ ಒಂದು ಸೆಟ್ಟಿಂಗ್ ಇದೆ, ಮ್ಯಾನಿಫೆಸ್ಟ್‌ನ (ಆ್ಯಪ್‌ನ ವಿವರ ಹೇಳುವ ಫೈಲ್‌ನ) ವ್ಯಾಪ್ತಿಯನ್ನು, ಅಂದರೆ ಯಾವ ವಿಳಾಸಗಳು ಆ್ಯಪ್‌ನ ಒಳಗೆ ಅನ್ನುವುದನ್ನು, ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಹೇಳುವಂಥದ್ದು. ಕಂಪನಿಯ ಸ್ವಂತ ಲಾಗಿನ್ ಪುಟಕ್ಕೆ ಮಾತ್ರ ಹೋಗುವ ಆ್ಯಪ್‌ಗೆ ನಾನು ಅದನ್ನು ಬಳಸುತ್ತೇನೆ. ಹೊರಗಿನ ಲಿಂಕ್‌ಗಳಿರುವ ಆ್ಯಪ್‌ಗೆ ಬಳಸುವುದಿಲ್ಲ, ಯಾವ ಸೈಟ್‌ನಲ್ಲಿದ್ದೇವೆ ಅಂತ ಗೊತ್ತಾಗದೇ ಹೋಗುತ್ತದೆ.

ಸ್ಟೋರೇಜ್ ವಿಷಯದಲ್ಲಿ ಎರಡೂ ಕಡೆ ನಡೆ ಬೇರೆ. ಐಫೋನ್‌ನಲ್ಲಿ ಹೋಮ್ ಸ್ಕ್ರೀನ್ ಆ್ಯಪ್‌ನ ಡೇಟಾ ಸಫಾರಿಯಿಂದ ಬೇರೆಯಾಗಿ ಇರುತ್ತದೆ. ಸಫಾರಿಯಲ್ಲಿ ಲಾಗಿನ್ ಆಗಿದ್ದರೂ ಆ್ಯಪ್‌ನಲ್ಲಿ ಮತ್ತೆ ಆಗಬೇಕು. ಆಂಡ್ರಾಯ್ಡ್‌ನಲ್ಲಿ ಕ್ರೋಮ್‌ಗೂ ವೆಬ್ ಆ್ಯಪ್‌ಗೂ ಒಂದೇ ಸ್ಟೋರೇಜ್. ಇದರಿಂದ ಲಾಗಿನ್ ಸುಲಭ, ಆದರೆ ಅಪಾಯವೂ ಅಲ್ಲೇ ಇದೆ. ಏನೇ ತೊಂದರೆ ಬಂದರೂ 'ಕ್ರೋಮ್ ಡೇಟಾ ಕ್ಲಿಯರ್ ಮಾಡಿ' ಅನ್ನುವುದು ಹೆಲ್ಪ್‌ಡೆಸ್ಕ್‌ನವರ ಅಭ್ಯಾಸ. ಹಾಗೆ ಮಾಡಿದರೆ ಕಳಿಸದ ಫಾರ್ಮ್‌ಗಳು, ಫೋಟೊ ಸಮೇತ, ಶಾಶ್ವತವಾಗಿ ಹೋಗುತ್ತವೆ. ಅದು ಒಬ್ಬ ಮನುಷ್ಯನ ಇಡೀ ಬೆಳಗಿನ ದುಡಿಮೆ. ಅದಕ್ಕೇ ಆ್ಯಪ್‌ನ ಮೇಲ್ತುದಿಯಲ್ಲಿ 'ಕಳಿಸಬೇಕಾದದ್ದು' ಅಂತ ಒಂದು ಸಂಖ್ಯೆ ಸದಾ ಕಾಣುವ ಹಾಗೆ ಮಾಡಿಸಿದೆ. ಹೆಲ್ಪ್‌ಡೆಸ್ಕ್‌ನ ಸೂಚನೆಯಲ್ಲಿ ಮೊದಲ ಪ್ರಶ್ನೆ ಈಗ ಅದೇ: ಆ ಸಂಖ್ಯೆ ಎಷ್ಟಿದೆ? ಸೊನ್ನೆ ಆಗುವ ತನಕ ಕ್ಲಿಯರ್ ಅನ್ನುವ ಮಾತೇ ಇಲ್ಲ.

ಕಳಿಸುವ ವಿಧಾನದಲ್ಲೂ ಒಂದು ಮಾತಿದೆ. ನೆಟ್‌ವರ್ಕ್ ಬಂದಾಗ ಹಿನ್ನೆಲೆಯಲ್ಲೇ ಕಳಿಸುವ ಬ್ಯಾಕ್‌ಗ್ರೌಂಡ್ ಸಿಂಕ್ ಕ್ರೋಮ್‌ನಲ್ಲಿದೆ, ಸಫಾರಿಯಲ್ಲಿ ಇಲ್ಲ. ಒಂದು ಕಡೆ ಮಾತ್ರ ಇರುವುದನ್ನು ನೆಚ್ಚಿಕೊಳ್ಳುವುದು ಬೇಡ ಅಂತ, ಆ್ಯಪ್ ತೆರೆದಾಗ, ನೆಟ್‌ವರ್ಕ್ ಮರಳಿದಾಗ, ಮತ್ತು 'ಈಗ ಕಳಿಸು' ಬಟನ್ ಒತ್ತಿದಾಗ ಕಳಿಸುವ ಹಾಗೆ ಇಟ್ಟುಕೊಂಡೆವು. ಪ್ರತಿ ಫಾರ್ಮ್‌ಗೆ ಫೋನ್‌ನಲ್ಲೇ ಒಂದು ಗುರುತು ಸಂಖ್ಯೆ ಹುಟ್ಟುತ್ತದೆ. ಒಂದೇ ಫಾರ್ಮ್ ಎರಡು ಸಲ ಬಂದರೂ ಸರ್ವರ್ ಒಂದನ್ನೇ ಇಟ್ಟುಕೊಳ್ಳುತ್ತದೆ.

ಹೊಸ ಆವೃತ್ತಿ ಬಿಟ್ಟಾಗ ಏನಾಗುತ್ತದೆ ಅನ್ನುವುದು ಟ್ಯಾಬ್ಲೆಟ್‌ಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಸರ್ವಿಸ್ ವರ್ಕರ್‌ನ ಹೊಸ ಪ್ರತಿ ಡೌನ್‌ಲೋಡ್ ಆದರೂ, ಹಳೆಯದು ನಡೆಸುತ್ತಿರುವ ಪುಟಗಳೆಲ್ಲ ಮುಚ್ಚುವ ತನಕ ಕಾಯುತ್ತಾ ಕೂರುತ್ತದೆ. ಒಂದೇ ಆ್ಯಪ್‌ಗೆ ಲಾಕ್ ಮಾಡಿದ ಟ್ಯಾಬ್ಲೆಟ್‌ನಲ್ಲಿ ಆ ಪುಟವನ್ನು ಯಾರೂ ಮುಚ್ಚುವುದೇ ಇಲ್ಲ. ಆದ್ದರಿಂದ ಆ್ಯಪ್ ತಾನೇ ಗಂಟೆಗೊಮ್ಮೆ ಹೊಸದಿದೆಯಾ ಅಂತ ನೋಡುತ್ತದೆ. ಇದ್ದರೆ ಕೆಳಗೆ 'ಹೊಸ ಆವೃತ್ತಿ ಸಿದ್ಧ' ಅಂತ ಒಂದು ಸಾಲು ಬರುತ್ತದೆ. ಫಾರ್ಮ್ ತುಂಬುತ್ತಿರುವಾಗ ಆ ಸಾಲು ತೋರಿಸುವುದಿಲ್ಲ, ಕಳಿಸಿದ ಮೇಲೇ ತೋರಿಸುತ್ತದೆ. ಅರ್ಧ ತುಂಬಿದ ಪುಟ ಕಣ್ಣೆದುರೇ ರಿಫ್ರೆಶ್ ಆದರೆ ಜನ ಆ ಆ್ಯಪನ್ನು ಮತ್ತೆ ನಂಬುವುದಿಲ್ಲ. ಆವೃತ್ತಿ ಸಂಖ್ಯೆ ಪರದೆಯ ಮೂಲೆಯಲ್ಲಿ ಸಣ್ಣಗೆ ಕಾಣುತ್ತದೆ, ಪ್ರತಿ ಫಾರ್ಮ್ ಜೊತೆ ಸರ್ವರ್‌ಗೂ ಹೋಗುತ್ತದೆ. ಯಾವ ಸಾಧನ ಹಿಂದೆ ಉಳಿದಿದೆ ಅಂತ ನನಗೆ ಕೂತಲ್ಲೇ ತಿಳಿಯುತ್ತದೆ.

ಲಾಕ್ ಮಾಡುವಾಗ ನೆನಪಿಡಬೇಕಾದ್ದು: ಅನುಮತಿಸಿದ ಆ್ಯಪ್‌ಗಳ ಪಟ್ಟಿಯಲ್ಲಿ ವೆಬ್ ಆ್ಯಪ್ ಜೊತೆ ಕ್ರೋಮ್ ಕೂಡ ಇರಲಿ.

ಹಂಚಿಕೊಂಡು ಬಳಸುವ ಟ್ಯಾಬ್ಲೆಟ್‌ನಲ್ಲಿ ಲಾಗ್ಔಟ್ ಅಂದರೆ ನಿಜವಾದ ಲಾಗ್ಔಟ್ ಆಗಿರಬೇಕು. ಆ್ಯಪ್‌ನ ಸೆಷನ್ ಮಾತ್ರ ಮುಗಿಸಿ ಲಾಗಿನ್ ಸರ್ವರ್‌ನ ಸೆಷನ್ ಬಿಟ್ಟರೆ, ಮುಂದಿನ ಪಾಳಿಯವರು ಲಾಗಿನ್ ಒತ್ತಿದ ಕೂಡಲೇ ಹಿಂದಿನವರ ಹೆಸರಲ್ಲಿ ಒಳಗೆ ಹೋಗುತ್ತಾರೆ. ಆಮೇಲೆ ಯಾರ ಎಣಿಕೆ ಯಾರದ್ದು ಅಂತ ಬಿಡಿಸುವುದು ಕಷ್ಟ. ಎರಡನ್ನೂ ಮುಗಿಸಬೇಕು. ಸರ್ವರ್ ಕಡೆಯಿಂದ ಕ್ಲಿಯರ್-ಸೈಟ್-ಡೇಟಾ ಹೆಡರ್ (ಪುಟದ ಜೊತೆ ಬ್ರೌಸರ್‌ಗೆ ಹೋಗುವ ಸೂಚನೆ) ಕಳಿಸಿ ಕುಕೀ ಅಳಿಸಬಹುದು, ಆದರೆ ಅದು ಇಡೀ ಡೊಮೇನ್‌ನ, ಅದರ ಸಬ್‌ಡೊಮೇನ್‌ಗಳ ಕುಕೀಗಳನ್ನೂ ಅಳಿಸುತ್ತದೆ ಅನ್ನುವುದು ಗೊತ್ತಿರಲಿ. ಅದೇ ಹೆಡರ್‌ನಲ್ಲಿ ಸ್ಟೋರೇಜ್ ಅಳಿಸುವ ಆಯ್ಕೆಯೂ ಇದೆ, ಅದನ್ನು ನಾವು ಹಾಕಲಿಲ್ಲ. ಕಳಿಸದ ಫಾರ್ಮ್‌ಗಳು ಇರುವುದು ಅಲ್ಲೇ.

ಕ್ಯಾಮೆರಾ ಅನುಮತಿ ಎರಡು ಹಂತದ್ದು. ಆಂಡ್ರಾಯ್ಡ್ ಕ್ರೋಮ್‌ಗೆ ಕೊಡಬೇಕು, ಕ್ರೋಮ್ ಆ ಸೈಟ್‌ಗೆ ಕೊಡಬೇಕು. ಅವಸರದಲ್ಲಿ ಜನ ಬ್ಲಾಕ್ ಒತ್ತಿಬಿಡುತ್ತಾರೆ. ಪ್ರಶ್ನೆ ಬರುವ ಮುಂಚೆ ನಮ್ಮದೇ ಒಂದು ಪುಟದಲ್ಲಿ, ಈಗ ಕ್ಯಾಮೆರಾ ಕೇಳುತ್ತದೆ, ಅನುಮತಿಸಿ ಅಂತ ದೊಡ್ಡ ಅಕ್ಷರದಲ್ಲಿ ತೋರಿಸಿದ ಮೇಲೆ ಆ ದೂರುಗಳು ಕಡಿಮೆಯಾದವು.

ಎಲ್ಲವನ್ನೂ ವೆಬ್ ಆ್ಯಪ್ ಮಾಡಲು ನಾನು ಹೋಗುವುದಿಲ್ಲ. ಬ್ಲೂಟೂತ್ ಪ್ರಿಂಟರ್‌ನಲ್ಲಿ ಲೇಬಲ್ ಹೊಡೆಯುವ ಕೆಲಸ ನಮ್ಮಲ್ಲಿ ಈಗಲೂ ನೇಟಿವ್ ಆ್ಯಪ್‌ನಲ್ಲೇ (ಆ ಫೋನ್‌ಗೆಂದೇ ಬರೆದ ಆ್ಯಪ್‌ನಲ್ಲೇ) ಇದೆ. ವೆಬ್ ಪುಟದಿಂದಲೇ ಬ್ಲೂಟೂತ್ ಸಾಧನ ಬಳಸುವ ವೆಬ್ ಬ್ಲೂಟೂತ್ ಸಫಾರಿಯಲ್ಲಿ ಇಲ್ಲ. ಹಿನ್ನೆಲೆಯಲ್ಲಿ ಸದಾ ಲೊಕೇಶನ್ ಬೇಕಾದ ಕೆಲಸಕ್ಕೂ ಇದು ಒಗ್ಗುವುದಿಲ್ಲ.

ವಿಳಾಸವನ್ನು ಮಾತ್ರ ಮೊದಲ ದಿನವೇ ಕಂಪನಿಯ ಸ್ವಂತ ಡೊಮೇನ್‌ನಲ್ಲಿ ಇಡಿ. ಆ್ಯಪ್ ಮಾಡಿಕೊಟ್ಟವರ ಡೊಮೇನ್‌ನಲ್ಲಿ ಇಟ್ಟರೆ, ಅವರನ್ನು ಬದಲಿಸಿದ ದಿನ ವಿಳಾಸವೂ ಬದಲಾಗುತ್ತದೆ, ಹಳೆಯ ವಿಳಾಸದಲ್ಲಿ ಉಳಿಸಿಟ್ಟ ಡೇಟಾ ಹೊಸ ವಿಳಾಸಕ್ಕೆ ಕಾಣುವುದೇ ಇಲ್ಲ. ನಮ್ಮಲ್ಲಿ ಇನ್ನೊಂದು ಆ್ಯಪ್‌ಗೆ ಹೀಗೆ ವಿಳಾಸ ಬದಲಿಸಬೇಕಾಗಿ ಬಂತು. ಹಳೆಯದರಲ್ಲಿ ಹೊಸ ನಮೂದು ತೆರೆಯುವುದನ್ನು ನಿಲ್ಲಿಸಿ, ಕಳಿಸುವುದನ್ನು ಮಾತ್ರ ಬಿಟ್ಟೆವು. ಪ್ರತಿ ಸಾಧನ ತನ್ನ ಬಾಕಿ ಸಂಖ್ಯೆಯನ್ನು ಸರ್ವರ್‌ಗೆ ತಿಳಿಸುತ್ತಿತ್ತು. ಎಲ್ಲ ಸಾಧನಗಳದ್ದೂ ಸೊನ್ನೆ ಆದ ಮೇಲೆ ಮ್ಯಾನೇಜ್ಡ್ ಪ್ಲೇಯಲ್ಲಿ ವಿಳಾಸ ತಿದ್ದಿ, ಐಫೋನ್‌ಗಳಿಗೆ ಹೊಸ ಪ್ರೊಫೈಲ್ ಕಳಿಸಿದೆ. ಹಳೆಯ ಸರ್ವರನ್ನು ಆಮೇಲೂ ಸ್ವಲ್ಪ ಕಾಲ ಹಾಗೇ ಇಟ್ಟಿದ್ದೆವು, ರಜೆಯ ಮೇಲಿದ್ದವರ ಫೋನ್‌ಗಳು ಮತ್ತೆ ಆನ್ ಆಗುವ ತನಕ.