ಬಾಲ್ಕನಿ ಬೆಂಚಿನ ಬಿಳಿ ಬಣ್ಣ ಸಿಪ್ಪೆ ಏಳುತ್ತಿತ್ತು, ಸರಿಯಾಗಿದ್ದು ಹೀಗೆ
ಕಡಲತೀರದ ಮನೆಗಳಂಥ ಮಾಸಲು ಬಿಳಿ ಬೇಕೆಂದು ಮರದ ಬೆಂಚಿಗೆ ಬಣ್ಣ ಬಳಿದಿದ್ದೆ. 2 ತಿಂಗಳಲ್ಲೇ ಕೂರುವ ಕಡೆ ಉಗುರಿನಗಲ ಸಿಪ್ಪೆ ಎದ್ದಿತು. ಇನ್ನೊಂದು ಕೋಟ್ ಹಾಕಿದೆ, ಅದೂ ಜೊತೆಗೇ ಎದ್ದು ಬಂತು. ಆಯಿಲ್ ವಾರ್ನಿಷ್ ಬಳಿದರೆ ಬಿಳಿಯೇ ಹಳದಿಯಾಯಿತು. ಸುಮ್ನೆ ದಂಡ.

ಅಡಿಯಲ್ಲಿ ಹಳೇ ಪಾಲಿಶ್ ಹಾಗೇ ಇತ್ತು, ಬಣ್ಣ ಮರಕ್ಕೆ ಇಳಿದೇ ಇರಲಿಲ್ಲ. 80 ನಂಬರ್ ಉಪ್ಪುಕಾಗದದಲ್ಲಿ ಎಲ್ಲವನ್ನೂ ಉಜ್ಜಿ ತೆಗೆಯಿರಿ. ಒಂದು ಹನಿ ನೀರು ಬಿಟ್ಟು ನೋಡಿ. ಮಣಿಯಂತೆ ನಿಂತರೆ ಇನ್ನೂ ಉಜ್ಜಬೇಕು. ಆಮೇಲೆ 120 ನಂಬರ್. ಧೂಳು ಒರೆಸಿ. ವಾಟರ್ ಬೇಸ್ಡ್ ಬಿಳಿ ಬಣ್ಣಕ್ಕೆ ಅದರಷ್ಟೇ ನೀರು ಬೆರೆಸಿ, ಒಂದೊಂದೇ ಹಲಗೆಗೆ ಬಳಿದು, 2 ನಿಮಿಷದೊಳಗೆ ಮರದ ಗೆರೆಯ ಗುಂಟ ಬಟ್ಟೆಯಿಂದ ಒರೆಸಿ. ಇಡೀ ಬೆಂಚಿಗೆ ಒಟ್ಟಿಗೆ ಬಳಿದರೆ ಪಟ್ಟೆ ಬೀಳುತ್ತದೆ. ಒಂದು ದಿನ ಬಿಟ್ಟು, ಹೊರಾಂಗಣಕ್ಕೆಂದೇ ಬರುವ ವಾಟರ್ ಬೇಸ್ಡ್ ವಾರ್ನಿಷ್ 2 ಕೋಟ್. ಹಲಗೆಯ ತುದಿಗಳಿಗೆ 3, ಮರ ನೀರು ಜಾಸ್ತಿ ಕುಡಿಯುವುದು ಅಲ್ಲಿಂದಲೇ.