ಹುರಿ ಬಿಡದ ಪ್ಲಾಸ್ಮಿಡ್: ಪ್ರಮೋಟರಿನ ನಾಲ್ಕೆಳೆ ಗಂಟು ನನಗೆ ಕಂಡಿದ್ದು ಹೀಗೆ

"ಆಲಿಗೊದಲ್ಲಿ ಯಾರು ಬೇಕಾದರೂ ಜಿ-ಕ್ವಾಡ್ರುಪ್ಲೆಕ್ಸ್ ತೋರಿಸ್ತಾರೆ. ಜೋಡಿ ಎಳೆಯಲ್ಲಿ ತೋರಿಸಿ, ಆಮೇಲೆ ಮಾತಾಡೋಣ." ಲ್ಯಾಬ್ ಮೀಟಿಂಗಿನಲ್ಲಿ ಹಿರಿಯರೊಬ್ಬರು ಹೀಗೆ ಅಂದು ಮೂರು ವರ್ಷವಾಯ್ತು. ಜಿ-ಕ್ವಾಡ್ರುಪ್ಲೆಕ್ಸ್ ಅಂದರೆ ಡಿಎನ್‌ಎಯ ಜಿ (ಗ್ವಾನಿನ್) ಅಕ್ಷರಗಳ ಸಾಲುಗಳು ನಾಲ್ಕೆಳೆಯಾಗಿ ಮಡಚಿ ಬೀಳುವ ಗಂಟು, ಆಲಿಗೊ ಅಂದರೆ ಕೃತಕವಾಗಿ ತಯಾರಿಸಿದ ಡಿಎನ್‌ಎಯ ಚಿಕ್ಕ ಒಂಟಿ ಎಳೆ. ಅವರು ಅಂದಿದ್ದು ತಪ್ಪೇನಲ್ಲ. ಒಂಟಿ ಎಳೆಯನ್ನು 100 ಮಿಲಿಮೋಲಾರ್ ಪೊಟ್ಯಾಸಿಯಂನಲ್ಲಿ ಕಾಯಿಸಿ ರಾತ್ರಿಯಿಡೀ ಆರಲು ಬಿಟ್ಟರೆ ಸಿಡಿಯಲ್ಲಿ (ವೃತ್ತಾಕಾರವಾಗಿ ಧ್ರುವೀಕರಿಸಿದ ಬೆಳಕಿನಿಂದ ಮಡಿಕೆಯ ಆಕಾರ ಗುರುತಿಸುವ ವಿಧಾನ) 264 ನ್ಯಾನೊಮೀಟರಿಗೆ ಏರು, 240ಕ್ಕೆ ಇಳಿವು ಬಂದೇ ಬರುತ್ತೆ. ಪಕ್ಕದಲ್ಲೇ ಜಿಗಳಿಗೆ ಜೋಡಿಯಾಗುವ ಸಿ-ಎಳೆ ಕೈಚಾಚಿ ಕಾಯುತ್ತಿರುವಾಗಲೂ ಗಂಟು ಬೀಳುತ್ತಾ ಅನ್ನೋದು ಬೇರೆ ಪ್ರಶ್ನೆ. ಕ್ಯಾನ್ಸರಿಗೆ ನಂಟಿರುವ ಸಿ-ಮಿಕ್ ಜೀನಿನ ಪ್ರಮೋಟರಿನ (ಜೀನಿನ ಓದು ಶುರುಮಾಡಿಸುವ ಡಿಎನ್‌ಎ ಭಾಗ) ಮೇಲೆ ವಿಜ್ಞಾನಿ ಹರ್ಲಿ ಗುಂಪಿನ ಕೆಲಸ ಬಂದ 2002ರಿಂದಲೂ ಈ ಜಗಳ ನಡೆದೇ ಇದೆ.

ನನ್ನ ಪ್ರಮೋಟರಿನಲ್ಲಿ ಮೂರು ಮೂರು ಜಿಗಳ ನಾಲ್ಕು ಸಾಲು. ಅದನ್ನು ಸುಮಾರು 4 ಸಾವಿರ ಅಕ್ಷರಜೋಡಿಯ ಪ್ಲಾಸ್ಮಿಡ್ಡಿಗೆ (ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ಡಿಎನ್‌ಎ ಬಳೆ) ಸೇರಿಸಿ ಡಿಎಂಎಸ್ (ಡೈಮೀಥೈಲ್ ಸಲ್ಫೇಟ್) ಫುಟ್‌ಪ್ರಿಂಟ್ ಮಾಡೋಣ ಅಂದುಕೊಂಡೆ. ಗಂಟಿನಲ್ಲಿ ಸಿಕ್ಕ ಜಿಗಳ 7ನೇ ಸಾರಜನಕ ಹೂಗ್‌ಸ್ಟೀನ್ ಬಂಧದಲ್ಲಿ ಅಡಗುವುದರಿಂದ ಡಿಎಂಎಸ್ ಅವನ್ನು ಮುಟ್ಟೋದಿಲ್ಲ, ಆಮೇಲೆ ಹಾಕುವ ಪಿಪೆರಿಡಿನ್ ಅಲ್ಲಿ ಕತ್ತರಿಸೋದಿಲ್ಲ. ಜೋಡಿ ಎಳೆಯಲ್ಲಿ ಉಳಿದ ಜಿ ಎಲ್ಲವೂ ತುಂಡಾಗುತ್ತೆ.

ಮೊದಲ ಐದಾರು ತಿಂಗಳು ಎಲ್ಲವೂ ತುಂಡಾಯ್ತು. ಗಂಟಿನ ಸುಳಿವೇ ಇಲ್ಲ.

ನಡುವೆ ಒಂದು ಸಲ ಸಾಲಿನ ಬಾಯಲ್ಲೇ ಸೊಗಸಾದ ಪಟ್ಟಿಯೊಂದು ಕಂಡಿತು. ಒಂದು ವಾರ ಕಾಲರ್ ಎತ್ತಿಕೊಂಡು ಓಡಾಡಿದೆ. ಆಮೇಲೆ ನೋಡಿದರೆ ಡಿಎಂಎಸ್ ಹಾಕದ ಲೇನಿನಲ್ಲೂ ಅದೇ ಪಟ್ಟಿ! ತುಂಡಾದ ಜಾಗ ಓದಲು ಎಳೆಯನ್ನು ನಕಲು ಮಾಡುವ ಹಂತಕ್ಕೆ (ಪ್ರೈಮರ್ ಎಕ್ಸ್‌ಟೆನ್ಷನ್) ಬಳಸಿದ ಪಾಲಿಮರೇಸ್ ಕಿಣ್ವದ ಬಫರಿನಲ್ಲೇ 50 ಮಿಲಿಮೋಲಾರ್ ಪೊಟ್ಯಾಸಿಯಂ ಇತ್ತು. ಕಾಯಿಸಿ ಎಳೆ ಬಿಡಿಸಿದ ಮೇಲೆ ಗಂಟು ಟ್ಯೂಬಿನಲ್ಲಿ ಹೊಸದಾಗಿ ಬಿದ್ದು ಪಾಲಿಮರೇಸ್ ಅಲ್ಲೇ ಮುಗ್ಗರಿಸುತ್ತಿತ್ತು. ನಾನು ನೋಡಿದ್ದು ಪ್ಲಾಸ್ಮಿಡ್ಡಿನ ಸಂಗತಿಯಲ್ಲ, ಬಫರಿನ ಚೇಷ್ಟೆ. ಅಂದಿನಿಂದ ಆ ಹಂತದ ಬಫರನ್ನು ಗಂಟಿಗೆ ಪೊಟ್ಯಾಸಿಯಂನಂತೆ ಆಸರೆ ಕೊಡದ ಲಿಥಿಯಂ ಹಾಕಿ ನಾನೇ ಕೂಡಿಸಿಕೊಳ್ಳುತ್ತೇನೆ. ಕಿಟ್ಟಿನ ಜೊತೆ ಬಂದದ್ದು ಡಬ್ಬಿಯಲ್ಲೇ ಇದೆ.

ದುಡ್ಡು ಪೋಲಾದದ್ದೂ ಆಗಲೇ. ಪಾಲಿಮರೇಸ್ ನಿಲ್ಲುವುದು ಗಂಟಿನಿಂದಲೇ ಅಂತ ಖಾತ್ರಿ ಮಾಡಲು 7-ಡಿಯಾಜಾ-ಡಿಜಿಟಿಪಿ ತರಿಸಿದೆ. ಆ 7ನೇ ಸಾರಜನಕವೇ ಇಲ್ಲದ ಜಿ ಅದು. ಅದನ್ನು ಹಾಕಿ ಪಿಸಿಆರ್ ಮಾಡಿದ ಟೆಂಪ್ಲೇಟಿನಲ್ಲಿ ಪಟ್ಟಿ ಮಾಯವಾಯ್ತು, ನಿಜ. ಆದರೆ ಆ ಪುಟ್ಟ ಟ್ಯೂಬಿಗೂ ಎಚ್‌ಪಿಎಲ್‌ಸಿ ಶುದ್ಧಿಯ ಆಲಿಗೊಗಳಿಗೂ ಸೇರಿ ವರ್ಷದ ರಾಸಾಯನಿಕಗಳ ಹಣದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಹೋಯಿತು. ಮುಖ್ಯ ಪ್ರಯೋಗವೇ ಮೇಲೇಳದಿರುವಾಗ ಇದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಹಾಗಾಯ್ತು.

ಕೀಲಿ ಸಿಕ್ಕಿದ್ದು ಆಕಸ್ಮಿಕವಾಗಿ. ಬೇರೇನೋ ಕೆಲಸಕ್ಕೆ ಆ ಪ್ಲಾಸ್ಮಿಡ್ಡನ್ನು ಎಥಿಡಿಯಂ ಬಣ್ಣ ಇಲ್ಲದ ಅಗರೋಸ್ ಜೆಲ್ಲಿನಲ್ಲಿ ಓಡಿಸಿ ಆಮೇಲೆ ಬಣ್ಣ ಹಾಕಿದೆ. ಮುಕ್ಕಾಲು ಭಾಗ ಮೇಲಿನ ಪಟ್ಟಿಯಲ್ಲಿ, ಅಂದರೆ ನಿಕ್ ಆಗಿ ಬಿಚ್ಚಿಕೊಂಡ ಬಳೆ! ಒಂದೇ ಟ್ಯೂಬನ್ನು ಫ್ರೀಜರಿನಿಂದ ತೆಗೆದು, ಕರಗಿಸಿ, ಮತ್ತೆ ಇಟ್ಟು, ಹತ್ತು ಹನ್ನೆರಡು ಸಲ ಹೀಗೇ ಮಾಡಿದ್ದೆ. ಒಂದು ಎಳೆ ಒಂದೇ ಕಡೆ ಕಡಿದರೂ ಸಾಕು, ಹಗ್ಗದ ಹುರಿ (ಸೂಪರ್‌ಕಾಯಿಲ್) ಪೂರ್ತಿ ಬಿಟ್ಟುಹೋಗುತ್ತೆ. ಬ್ಯಾಕ್ಟೀರಿಯಾದಿಂದ ಹೊರಬರುವಾಗ ಪ್ಲಾಸ್ಮಿಡ್ಡಿಗೆ ಮೈನಸ್ 0.06ರ ಆಸುಪಾಸಿನ ಹುರಿ ಇರುತ್ತೆ, ಅಂದರೆ ಎಳೆಗಳ ಸುತ್ತು ಸಹಜಕ್ಕಿಂತ ನೂರಕ್ಕೆ ಆರರಷ್ಟು ಕಡಿಮೆ. ಎರಡು ಎಳೆ ಬಿಡಿಸಿ ಗಂಟಿಗೆ ಜಾಗ ಮಾಡಿಕೊಡುವ ಶಕ್ತಿ ಅದರದ್ದೇ. ಜೀನನ್ನು ಓದುವ ಆರ್‌ಎನ್‌ಎ ಪಾಲಿಮರೇಸ್ ಓಡುವಾಗ ಅದರ ಹಿಂದೆ ಇದೇ ಬಗೆಯ ಹುರಿ ಕೂಡುತ್ತೆ ಅಂತ ಲಿಯು ಮತ್ತು ವಾಂಗ್ 1987ರಲ್ಲೇ ಹೇಳಿದ್ದರು. ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ನನ್ನ ಫ್ರೀಜರಿಗೆ ಮಾತ್ರ ಅನ್ವಯಿಸಿರಲಿಲ್ಲ.

ಪ್ಲಾಸ್ಮಿಡ್ ಶುದ್ಧಿಗೆ ಕಿಟ್ ಬಿಟ್ಟು, ಹುರಿ ಇರುವುದನ್ನೂ ಬಿಟ್ಟದ್ದನ್ನೂ ಸಾಂದ್ರತೆಯಿಂದ ಬೇರ್ಪಡಿಸುವ ಸೀಸಿಯಂ ಕ್ಲೋರೈಡ್ ಗ್ರೇಡಿಯಂಟಿಗೆ ಮರಳಿದೆ. "ಅಜ್ಜನ ಕಾಲದ ವಿದ್ಯೆ" ಅಂತ ನಕ್ಕರು. ಅಲ್ಟ್ರಾಸೆಂಟ್ರಿಫ್ಯೂಜಿನ ಸರದಿಗೇ ಎರಡು ವಾರ ಕಾದೆ, ಓಟ ಒಂದು ಇಡೀ ರಾತ್ರಿ. ಹುರಿ ಇರುವ ಕೆಳಗಿನ ಪಟ್ಟಿಯನ್ನು ಸೂಜಿಯಿಂದ ಎಳೆಯುವಾಗ ದೀಪ ಮಂಕಾಗಿರಲಿ. ಎಥಿಡಿಯಂ ಜೊತೆಗಿರುವಾಗ ಬೆಳಕು ಬಿದ್ದರೆ ಮತ್ತೆ ನಿಕ್. ಬ್ಯುಟನಾಲಿನಿಂದ ಬಣ್ಣ ತೆಗೆದು, ಡಯಾಲಿಸಿಸ್ ಮಾಡಿ, 4 ಡಿಗ್ರಿಯಲ್ಲಿ ಇಟ್ಟು ಹತ್ತು ದಿನದೊಳಗೆ ಮುಗಿಸುತ್ತೇನೆ. ಡಯಾಲಿಸಿಸ್‌ಗೂ ಡಿಎಂಎಸ್‌ಗೂ ನಡುವೆ ಪೊಟ್ಯಾಸಿಯಂನಲ್ಲಿ ಎಷ್ಟು ಡಿಗ್ರಿಗೆ ಎಷ್ಟು ಹೊತ್ತು ಇಡುತ್ತೇನೆ ಅನ್ನೋದನ್ನು ಸದ್ಯಕ್ಕೆ ಕೇಳಬೇಡಿ, ಪೇಪರ್ ಹೊರಬರಲಿ.

ಎರಡನೇ ಪ್ರಯತ್ನಕ್ಕೇ ನಾಲ್ಕೂ ಸಾಲು ಮಸುಕಾದವು. ಜಿಗಳಿಗೆ ಡಿಎಂಎಸ್‌ನಿಂದ ಸಿಕ್ಕ ರಕ್ಷಣೆ ನೆನಪಿನಿಂದ ಹೇಳುವುದಾದರೆ ಅರ್ಧಕ್ಕಿಂತ ತುಸು ಹೆಚ್ಚು, ಪೂರ್ತಿ ಯಾವತ್ತೂ ಬಂದಿಲ್ಲ. ಅದೇ ಪ್ಲಾಸ್ಮಿಡ್ಡಿನ ಹುರಿಯನ್ನು ಟೋಪೊಐಸೊಮರೇಸ್ 1ರಿಂದ ಬಿಚ್ಚಿದರೆ ಎಲ್ಲ ಜಿಗಳೂ ಮತ್ತೆ ತುಂಡು. ಲಿಥಿಯಂನಲ್ಲೂ ತುಂಡು. ಆ ಮೂರು ಲೇನುಗಳನ್ನು ಪಕ್ಕಪಕ್ಕ ಇಟ್ಟ ಚಿತ್ರವನ್ನು ಮೀಟಿಂಗಿನಲ್ಲಿ ಬೇಕಂತಲೇ ಐದು ನಿಮಿಷ ಪರದೆಯ ಮೇಲೆ ಬಿಟ್ಟೆ.

ಜೀನಿನ ನಿಯಂತ್ರಣದ ಭಾಗ ಇಷ್ಟು ನೇರವಾಗಿ ಬರಲಿಲ್ಲ. ಲೂಸಿಫರೇಸ್ ರಿಪೋರ್ಟರಿನಲ್ಲಿ (ಪ್ರಮೋಟರ್ ಎಷ್ಟು ಚುರುಕೋ ಅಷ್ಟು ಬೆಳಕು ಕೊಡುವ ಜೀನ್) ಮೊದಲು ಎರಡನೇ ಸಾಲಿನ ಜಿಯನ್ನು ಎ ಮಾಡಿದೆ. ಗಂಟು ಜೀನನ್ನು ಅದುಮುತ್ತಿದೆ ಅನ್ನೋದು ನನ್ನ ವಾದ, ಹಾಗಾಗಿ ಬೆಳಕು ಏರಬೇಕಿತ್ತು, ಇಳಿಯಿತು. ಅದೇ ಜಾಗ ಜೀನನ್ನು ಚುರುಕುಗೊಳಿಸುವ ಎಸ್‌ಪಿ1 ಪ್ರೋಟೀನ್ ಕೂರುವ ಜಿಸಿ ಬಾಕ್ಸೂ ಹೌದು ಅನ್ನೋದು ಆಮೇಲೆ ಹೊಳೆಯಿತು. ಗಂಟಿನ ಜೊತೆ ಎಸ್‌ಪಿ1ನ ಪೀಠವನ್ನೂ ಕಿತ್ತಿದ್ದೆ. ಕೊನೆಗೆ ಒಂದು ಜಿಯನ್ನೂ ಮುಟ್ಟದೆ ಸಾಲುಗಳ ನಡುವಿನ ಲೂಪುಗಳನ್ನಷ್ಟೇ ಉದ್ದ ಮಾಡಿದೆ. ಗಂಟು ಸಡಿಲ, ಜಿಸಿ ಬಾಕ್ಸ್ ಭದ್ರ. ಬೆಳಕು ಎರಡೂವರೆ ಪಟ್ಟು ಏರಿತು. ಒಂದು ಬ್ಯಾಚಿನ ಕೋಶಗಳಲ್ಲಿ ಮಾತ್ರ ಒಂದೂವರೆಗೇ ನಿಂತಿತು, ಕಾರಣ ಇನ್ನೂ ಗೊತ್ತಾಗಿಲ್ಲ. ಯಾವ ಲೂಪಿಗೆ ಯಾವ ಅಕ್ಷರ ಸೇರಿಸಿದೆ ಅನ್ನೋದೂ ಪೇಪರಿನಲ್ಲೇ.

ನಡುವೆ ಕೈ ಸುಮ್ಮನಿರದೆ ಪೊಟ್ಯಾಸಿಯಂ ಬದಲು ಅಮೋನಿಯಂ ಹಾಕಿಯೂ ನೋಡಿದೆ. ಆಲಿಗೊ ಚೆನ್ನಾಗಿಯೇ ಮಡಚಿತು, ಪ್ಲಾಸ್ಮಿಡ್ಡಿನಲ್ಲಿ ಅರೆಮನಸ್ಸು. ಥಯೋಫ್ಲೇವಿನ್ ಟಿ ಅನ್ನುವ ಬಣ್ಣ ಅಗ್ಗ, ಗಂಟು ಕಂಡರೆ ಹೊಳೆಯುತ್ತೆ, ಆಲಿಗೊ ಆರಿಸಲು ಸಿಡಿಗಿಂತ ಬೇಗ. ಆದರೆ ಬೇರೆ ಆಕಾರಗಳಿಗೂ ಹಲ್ಲು ಕಿರಿಯುತ್ತೆ, ಅದೊಂದನ್ನೇ ನಂಬಬೇಡಿ.

ಈಗ ಎದುರು ಎಳೆಯ ಸರದಿ. ಸಿ-ಎಳೆ ಆಮ್ಲದಲ್ಲಿ ಐ-ಮೋಟಿಫ್ ಅನ್ನುವ ತನ್ನದೇ ನಾಲ್ಕೆಳೆ ಮಡಿಕೆ ಆಗುತ್ತೆ, ಅದೂ ಹುರಿಯ ಬಲದಲ್ಲಿ ಮಡಚುತ್ತಾ ನೋಡಬೇಕು. ಅದಕ್ಕೆ ಸಿಗಳನ್ನು ಮುಟ್ಟುವ ಬ್ರೋಮಿನ್ ಫುಟ್‌ಪ್ರಿಂಟ್ ಬೇಕು. ಡಿಎಂಎಸ್ ಜೊತೆ ಮೂರು ವರ್ಷ ಕಳೆದವನಿಗೂ ಆ ಬಾಟಲಿ ತೆರೆಯಲು ಕೈ ಹಿಂಜರಿಯುತ್ತಿದೆ. ಗ್ರೇಡಿಯಂಟ್ ಮಾತ್ರ ಹಾಕಿಟ್ಟಿದ್ದೇನೆ.